ಬುಕಾನನ್ ಬಂದಾಗ ಪೇಟೆ ಹೇಗಿತ್ತು?

ಪ್ರಶ್ನೆ: ಲಿವಿಂಗ್‌ಸ್ಟನ್, ಸ್ಟ್ಯಾನ್ಲಿ ಆಫ್ರಿಕಾದ ಒಳನಾಡು ಹೊಕ್ಕ ಕಥೆಯನ್ನು ಶಾಲೆಯಲ್ಲಿ ಓದಿದ್ದೆವು. ಅಂಥವರು ಯಾರಾದರೂ ನಮ್ಮ ಬೆಂಗಳೂರು ಪೇಟೆಗೂ ಬಂದಿದ್ದರೇ? ಬಂದು ಇಲ್ಲಿ ಏನು ಕಂಡುಹಿಡಿದರು?
— ಓದುಗರೊಬ್ಬರು, ಸುಲ್ತಾನ್‌ಪೇಟೆ

ಉತ್ತರ: ಬಂದಿದ್ದರು. ಅವರಲ್ಲಿ ಮುಖ್ಯನಾದವನು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನ ವೈದ್ಯ, ಗಿಡಮರಗಳ ಶಾಸ್ತ್ರ ಬಲ್ಲವನು, ಈಸ್ಟ್ ಇಂಡಿಯಾ ಕಂಪನಿಯ ನೌಕರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾವ ಸರಕು ಎಲ್ಲಿಗೆ ಹೋಗುತ್ತದೆ ಎಂಬ ವಿವರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಯಿತು. ಹತ್ತಿ, ಮೆಣಸು, ಗಂಧ, ಏಲಕ್ಕಿಯ ಮೇಲೆ ಕಂಪನಿಗೆ ವಿಶೇಷ ಕಣ್ಣಿತ್ತು. ವೆಲ್ಲೆಸ್ಲಿಯ ಆಜ್ಞೆಯ ಮೇಲೆ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟು ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದ. ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನೆಲ್ಲ ಸುತ್ತಿ ಮರುವರ್ಷ ಮದರಾಸಿಗೆ ಮರಳಿದ. ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇನ್ನು ಕಂಡುಹಿಡಿದ ಮಾತು. ಅವನು ಬರುವ ಹೊತ್ತಿಗೆ ಕೆಂಪೇಗೌಡರ ಪೇಟೆಗೆ ಎರಡೂವರೆ ಶತಮಾನ ಕಳೆದಿತ್ತು. ಎತ್ತುಗಳ ಮೇಲೆ ಸರಕು ಹೇರಿಕೊಂಡು ಬರುವವರಿಗೆ ಇಲ್ಲಿಯ ಹಾದಿ, ಸುಂಕದ ಕಟ್ಟೆ, ಛತ್ರ ಎಲ್ಲವೂ ಗೊತ್ತಿದ್ದವು. ಬುಕಾನನ್ ನಡೆದದ್ದೂ ಆ ಹಾದಿಗಳಲ್ಲೇ. ಅವನ ಪುಸ್ತಕದ ಬೆಲೆ ಇರುವುದು ಅವನು ಕೇಳಿದ ಪ್ರಶ್ನೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನಮ್ಮ ಜನ ಕೊಟ್ಟ ಉತ್ತರಗಳಲ್ಲಿ.

ಅವನು ಕಂಡದ್ದು ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿದ್ದ ಪೇಟೆಯನ್ನು. 1791ರಲ್ಲಿ ಕಂಪನಿಯ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಸೂರೆ ಮಾಡಿತ್ತು. ನೆರೆಯ ಸೀಮೆಗಳೊಡನೆ ವ್ಯಾಪಾರಕ್ಕೆ ಟಿಪ್ಪು ಹಾಕಿದ್ದ ತಡೆಯೂ ವರ್ತಕರನ್ನು ಹಣ್ಣು ಮಾಡಿತ್ತು. ಅಂಥ ಹೊತ್ತಿನಲ್ಲೂ ಮಗ್ಗಗಳು ಮತ್ತೆ ಆಡತೊಡಗಿದ್ದವು. ಪಟ್ಟೆಗಾರರು, ಖತ್ರಿಗಳು, ದೇವಾಂಗರು, ತೊಗಟರು ಯಾರು ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಕಟ್ಟುತ್ತಾರೆ, ಮುಂಗಡ ಯಾರು ಕೊಡುತ್ತಾರೆ ಎಂದು ಅವನು ಬಿಡದೆ ವಿಚಾರಿಸಿದ್ದಾನೆ.

ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನೂಲಿನ ಸಂಗತಿ. ವಾರದ ಸಂತೆಯಲ್ಲಿ ಬಡ ಹೆಂಗಸರು ಸ್ವಲ್ಪ ಸ್ವಲ್ಪವೇ ಅರಳೆ ಕೊಳ್ಳುತ್ತಿದ್ದರು. ಮನೆಯಲ್ಲಿ ನೂತು, ನೂಲನ್ನು ಸಂತೆಗೇ ತಂದು ನೇಕಾರರಿಗೆ ಮಾರುತ್ತಿದ್ದರು. ಬ್ರಾಹ್ಮಣ ಹೆಂಗಸರ ಹೊರತು ಮಿಕ್ಕೆಲ್ಲ ಜಾತಿಯವರೂ ನೂಲುತ್ತಿದ್ದರೆಂದು ಬುಕಾನನ್ ಬರೆಯುತ್ತಾನೆ. ಪೇಟೆಯ ಹತ್ತಿ ಬಟ್ಟೆಯ ವ್ಯಾಪಾರವೆಲ್ಲ ಈ ಹೆಂಗಸರ ಕೈನೂಲಿನ ಮೇಲೆ ನಿಂತಿತ್ತು. ರಾಜರ ಚರಿತ್ರೆಯಲ್ಲಿ ಇವರ ಸುಳಿವೇ ಸಿಗುವುದಿಲ್ಲ. ಹಾಗೆಯೇ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಕುಟುಂಬವೊಂದನ್ನು ಅವನು ಕಂಡ. ಆ ತಂತಿಗೆ ದೇಶದ ಉದ್ದಗಲಕ್ಕೂ ಹೆಸರಿತ್ತಂತೆ. ನಿಮ್ಮ ನೆರೆಯ ಬಳೇಪೇಟೆಯಲ್ಲಿ ವಾದ್ಯದ ಅಂಗಡಿ ಇಟ್ಟವರಿಗೆ ಇದನ್ನು ಓದಿ ಹೇಳಬೇಕು.

ಆದರೆ ಒಂದು ಎಚ್ಚರ ಬೇಕು. ವಿಚಾರಿಸುತ್ತಿದ್ದವನು ಗೆದ್ದ ಕಂಪನಿಯ ಮನುಷ್ಯ. ಫಸಲು ಎಷ್ಟು, ಲಾಭ ಎಷ್ಟು ಎಂದು ಸರ್ಕಾರದ ಕಡೆಯವನು ಕೇಳಿದರೆ ಯಾವ ರೈತ ತಾನೆ ಪೂರಾ ಲೆಕ್ಕ ಒಪ್ಪಿಸುತ್ತಾನೆ? ಕಂದಾಯ ಏರೀತೆಂಬ ಅಂಜಿಕೆ ಅವನಿಗೆ ಇದ್ದೇ ಇರುತ್ತದೆ. ಇಷ್ಟೆಲ್ಲ ತಿಳಿಸಿದವರಲ್ಲಿ ಹೆಚ್ಚಿನವರ ಹೆಸರೂ ಪುಸ್ತಕದಲ್ಲಿಲ್ಲ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಅದೇ ಕಾಲದಲ್ಲಿ ಮೈಸೂರು ಸೀಮೆಯ ಅಳತೆಗೆ ಬಂದ ಕಾಲಿನ್ ಮೆಕೆಂಜಿಯ ಬಳಿ ಕೆಲಸ ಮಾಡಿದವರ ಹೆಸರುಗಳಾದರೂ ಉಳಿದಿವೆ. ಕಾವಲಿ ವೆಂಕಟ ಬೊರ್ರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಊರೂರಿನ ಶಾಸನ, ಓಲೆಗರಿ, ಕೈಫಿಯತ್ತುಗಳನ್ನು (ಸ್ಥಳೀಯ ಚರಿತ್ರೆಯ ಬರಹಗಳನ್ನು) ಓದಿ, ಅರ್ಥ ಬಿಡಿಸಿ ಕೂಡಿಟ್ಟವರು ಇಂಥವರು. ಭಾರತದ ಮೊದಲ ಸರ್ವೇಯರ್ ಜನರಲ್ ಎಂಬ ಪದವಿ 1815ರಲ್ಲಿ ಮೆಕೆಂಜಿಗೆ ಬಂತು. ಥಾಮಸ್ ಹಿಕಿ 1816ರಲ್ಲಿ ಬರೆದ ಅವನ ಚಿತ್ರದಲ್ಲಿ ಸಹಾಯಕರೂ ಜೊತೆಗೆ ನಿಂತಿದ್ದಾರೆ.

ನೀವು ಬುಕಾನನ್‌ನನ್ನು ಓದುವುದಾದರೆ ಮೊದಲನೆಯ ಸಂಪುಟ ಹಿಡಿಯಿರಿ, ಬೆಂಗಳೂರಿನ ಭಾಗ ಅದರಲ್ಲೇ ಇದೆ. ಊರು, ಜಾತಿ, ಬೆಳೆಗಳ ಹೆಸರನ್ನು ಅವನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಗುರುತು ಸಿಗದಿದ್ದರೆ ಗಟ್ಟಿಯಾಗಿ ಓದಿಕೊಳ್ಳಿ, ಹೆಚ್ಚಿನವು ತಿಳಿಯುತ್ತವೆ. ಮೆಕೆಂಜಿಯ ಸಂಗ್ರಹದ ಕನ್ನಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.