ಎಸೆದದ್ದು ಎಲ್ಲಿ ಬೀಳುತ್ತದೆ?

ಪ್ರಶ್ನೆ: ಕೊಚ್ಚಿಯಲ್ಲಿ ನೌಕರಿಯಲ್ಲಿದ್ದೇನೆ. ಇಲ್ಲಿನ ಥಿಯೇಟರಿಗೆ ಹೋದರೆ ಪ್ರೊಜೆಕ್ಷನ್ ಚೆನ್ನಾಗಿದೆ ಅನ್ನುತ್ತಾರೆ. ಮೆಟ್ರೋ ಸುದ್ದಿಯಲ್ಲಿ ಪ್ರಯಾಣಿಕರ ಪ್ರೊಜೆಕ್ಷನ್, ಮಗನ ಭೂಗೋಳದಲ್ಲಿ ಮ್ಯಾಪ್ ಪ್ರೊಜೆಕ್ಷನ್. ಮನಶ್ಶಾಸ್ತ್ರದವರೂ ಈ ಪದವನ್ನು ಬಿಟ್ಟಿಲ್ಲ. ಇವಕ್ಕೆಲ್ಲ ನಂಟಿದೆಯೇ?

ಉತ್ತರ: ಇದೆ. ‘ಮುಂದಕ್ಕೆ ಎಸೆ’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ ಇದರ ಮೂಲ. ಎಸೆಯುವ ವಸ್ತು ಮತ್ತು ಅದು ಬೀಳುವ ಜಾಗ ಮಾತ್ರ ಬದಲಾಗುತ್ತವೆ.

ನೀವಿರುವ ಊರಿನಿಂದಲೇ ಶುರು ಮಾಡೋಣ. ಭಾರತದ ಮೊದಲ 3ಡಿ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ತಯಾರಾದದ್ದು ಕೊಚ್ಚಿಯ ಕಾಕ್ಕನಾಡಿನ ನವೋದಯ ಸ್ಟುಡಿಯೋದವರಿಂದ, 1984ರಲ್ಲಿ. ನಿರ್ದೇಶಕರು ಜಿಜೋ ಪುನ್ನೂಸ್. ಅದನ್ನು ತೋರಿಸಲು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವನ್ನು ಒಂದೇ ಪರದೆಯ ಮೇಲೆ ಬೀಳಿಸಬೇಕು. ಎರಡೂ ಬೆಳಕುಗಳು ಬೇರೆ ಬೇರೆ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿರುತ್ತಾರೆ, ಕನ್ನಡಕದ ಒಂದೊಂದು ಗಾಜು ತನ್ನದನ್ನಷ್ಟೇ ಒಳಗೆ ಬಿಡುತ್ತದೆ. ಮಾಮೂಲಿ ಬಿಳಿ ಪರದೆಗೆ ಬಿದ್ದ ಬೆಳಕು ಚದುರಿ ಈ ಭೇದವನ್ನೇ ಕಳೆದುಕೊಳ್ಳುತ್ತದೆ. ಹಾಗಾಗಿ ಬೆಳ್ಳಿ ಬಣ್ಣದ ಲೋಹದ ಲೇಪವಿರುವ ಪರದೆಯೇ ಬೇಕು. ‘ಬೆಳ್ಳಿತೆರೆ’ ಎಂಬ ಮಾತು ಇಲ್ಲಿ ಅಲಂಕಾರವಲ್ಲ, ಅಕ್ಷರಶಃ ನಿಜ. ಆ ಬಗೆಯ ಕನ್ನಡಕ ಹಾಕಿಕೊಂಡು ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಸಾಕು, ಚಿತ್ರದ ಪಕ್ಕದಲ್ಲಿ ಅದರದೇ ಮಸುಕು ನೆರಳು ಕಾಣಿಸಿಕೊಳ್ಳುತ್ತದೆ.

ನಕ್ಷೆಯಲ್ಲಿ ಎಸೆಯುವುದು ಗುಂಡಗಿನ ಭೂಮಿಯನ್ನು, ಚಪ್ಪಟೆ ಹಾಳೆಯ ಮೇಲೆ. ಏನನ್ನೂ ಹಿಗ್ಗಿಸದೆ ಇದು ಸಾಧ್ಯವಿಲ್ಲ. ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಸಮಭಾಜಕದಿಂದ ದೂರ ಹೋದಷ್ಟೂ ಹಿಗ್ಗು ಹೆಚ್ಚು. ತಿರುವನಂತಪುರ ಎಂಟೂವರೆ ಡಿಗ್ರಿಯಲ್ಲಿರುವುದರಿಂದ ಅಲ್ಲಿ ಹಿಗ್ಗು ಶೇ. 1ರಷ್ಟು ಮಾತ್ರ, ನಮ್ಮ ಬೀದರಿನಲ್ಲಿ ಶೇ. 5, ಲೇಹ್‌ನಲ್ಲಿ ಶೇ. 20ರ ಮೇಲೆ. ಭಾರತಕ್ಕಿಂತ ಚಿಕ್ಕದಾದ ಗ್ರೀನ್‌ಲ್ಯಾಂಡ್ ಆ ನಕ್ಷೆಯಲ್ಲಿ ದೈತ್ಯನಾಗಿ ಕೂತಿರುವುದು ಇದೇ ಲೆಕ್ಕದಲ್ಲಿ.

ಮನಶ್ಶಾಸ್ತ್ರದ್ದು ಫ್ರಾಯ್ಡ್ ಬಳಕೆಗೆ ತಂದ ಅರ್ಥ: ನನ್ನೊಳಗಿನ, ನಾನು ಒಪ್ಪಿಕೊಳ್ಳಲಾರದ ಭಾವವನ್ನು ನಿನ್ನ ಮೇಲೆ ಹೊರಿಸುವುದು. ಇಲ್ಲಿ ನನಗೆ ನೆನಪಾಗುವುದು ತಿರುವನಂತಪುರದ ಕ್ಯಾಪಿಟಲ್ ಥಿಯೇಟರು. ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’, ಮಲಯಾಳದ ಮೊದಲ ಚಿತ್ರ, ತೆರೆಕಂಡದ್ದು ಅಲ್ಲಿ. ದಲಿತ ಹೆಣ್ಣುಮಗಳು ಪಿ.ಕೆ. ರೋಸಿ ನಾಯರ್ ಯುವತಿಯ ಪಾತ್ರ ಮಾಡಿದ್ದಾರೆಂದು ಮೇಲ್ಜಾತಿಯ ಪ್ರೇಕ್ಷಕರು ಪರದೆಗೆ ಕಲ್ಲು ತೂರಿದರು. ಕಲ್ಲು ಬಿದ್ದದ್ದು ಬರೀ ಬೆಳಕಿನ ಮೇಲೆ, ಊರು ಬಿಟ್ಟು ಓಡಬೇಕಾದದ್ದು ಮಾತ್ರ ರೋಸಿ. ಫ್ರಾಯ್ಡನ ಕಟ್ಟುನಿಟ್ಟಿನ ಅರ್ಥಕ್ಕೆ ಇದು ಪೂರ್ತಿ ಒಗ್ಗುವುದಿಲ್ಲ, ಒಪ್ಪುತ್ತೇನೆ. ಆದರೂ ತಮ್ಮೊಳಗಿನ ಹೊಲಸನ್ನು ಎದುರಿಗಿದ್ದವರ ಮೇಲೆ ಚೆಲ್ಲಿದ ಉದಾಹರಣೆ ಇದಕ್ಕಿಂತ ನಿಚ್ಚಳವಾಗಿ ಸಿಗಲಾರದು.

ಕೊನೆಯದು, ನಿಮ್ಮ ಮೆಟ್ರೋ. ಯೋಜನಾ ವರದಿಯಲ್ಲಿದ್ದ ಪ್ರೊಜೆಕ್ಷನ್ ದಿನಕ್ಕೆ ಮೂರೂವರೆ ಲಕ್ಷ ಪ್ರಯಾಣಿಕರಿಗೂ ಮೇಲಿತ್ತು. 2017ರ ಜೂನ್‌ನಲ್ಲಿ ಆಲುವಾ–ಪಾಲಾರಿವಟ್ಟಂ ನಡುವೆ ರೈಲು ಓಡತೊಡಗಿತು. ಆಮೇಲೆ ದಿನದ ಲೆಕ್ಕ ಒಂದು ಲಕ್ಷ ಮುಟ್ಟಿದ್ದೇ ದೊಡ್ಡ ಸುದ್ದಿಯಾಯಿತು. ವರದಿ ಬರೆದವರು ಸುಳ್ಳು ಹೇಳಿದರೆಂದಲ್ಲ. ಇಂದಿನ ಅಂಕಿಯನ್ನು ನಾಳೆಗೆ ಎಸೆಯುವಾಗ ‘ಊರು ಹೀಗೆ ಬೆಳೆದರೆ, ಜನ ಬಸ್ಸು, ಬೈಕು ಬಿಟ್ಟು ಇದಕ್ಕೆ ಹತ್ತಿದರೆ’ ಎಂಬ ಷರತ್ತುಗಳಿರುತ್ತವೆ. ಸುದ್ದಿಯ ತಲೆಬರಹದಲ್ಲಿ ಷರತ್ತು ಉದುರಿ ಅಂಕಿ ಮಾತ್ರ ಉಳಿಯುತ್ತದೆ. ಮುಂದಿನ ಸಲ ಇಂಥ ಅಂಕಿ ಕಣ್ಣಿಗೆ ಬಿದ್ದರೆ, ಅದರ ಹಿಂದಿರುವ ‘ಹೀಗಾದರೆ’ ಯಾವುದೆಂದು ಹುಡುಕಿ ಓದಿ.