ಮಹಾಪ್ರಾಣ ಕಲಿಸಲು ತಾಂಡಾದ ಹುಡುಗಿಯನ್ನು ಕರೆ

ಹಿರೇವಡ್ಡಟ್ಟಿಯ ಕನ್ನಡ ಸಾಲಿಗೆ ನಿನ್ನ ನೇಮಕವಾಯಿತೆಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಸಂತೋಷ ತಂಗಿ. ಡಿ.ಇಡಿ., ಟಿಇಟಿ, ಸಿಇಟಿ ಎಲ್ಲ ಪಾಸಾಗಿ ಬಂದವಳಿಗೆ ರಿಟೈರಾದ ಮಾಸ್ತರ ಬುದ್ಧಿ ಹೇಳಲು ಬಂದ ಎಂದು ನಗಬೇಡ. ಮಕ್ಕಳು ನಿನ್ನನ್ನು 'ಅಕ್ಕೋರ' ಎಂದೇ ಕರೆಯುತ್ತವೆ. 'ಮಿಸ್' ಅನ್ನಿ ಎಂದು ತಿದ್ದಲು ಹೋಗಬೇಡ, ಅಷ್ಟು ಪ್ರೀತಿಯ ಹೆಸರು ಬೇರೆ ನೌಕರಿಯಲ್ಲಿ ಸಿಗುವುದಿಲ್ಲ.

ಒಂದನೇ ತರಗತಿಯಲ್ಲಿ ಕೂತವರೆಲ್ಲ ಮನೆಯಲ್ಲಿ ಕನ್ನಡ ಆಡಿ ಬಂದವರೇ ಎಂದು ಪಠ್ಯಪುಸ್ತಕ ತಿಳಿದುಕೊಂಡಿರುತ್ತದೆ. ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ ಹಾಗಿರುವುದಿಲ್ಲ. ತಾಂಡಾದಿಂದ ಬಂದ ಕೂಸಿಗೆ ಮನೆಮಾತು ಲಂಬಾಣಿ, ಇನ್ನೊಂದಕ್ಕೆ ಉರ್ದು. ಉಳಿದವು ಕನ್ನಡವನ್ನೇ ಆಡುತ್ತವೆ, ಆದರೆ ಅದು 'ನಾ ಹೊಕ್ಕೇನ್ರಿ' ಎನ್ನುವ ಕನ್ನಡ. 'ನಾನು ಹೋಗುತ್ತೇನೆ' ಎಂದು ಅವರವ್ವ ಎಂದೂ ಅಂದಿಲ್ಲ. ಪುಸ್ತಕದ ಭಾಷೆಗೆ ಇಲ್ಲಿ ಎಲ್ಲರೂ ಬೀಗರೇ. ಕೆಲವರು ಹತ್ತಿರದ ಬೀಗರು, ಕೆಲವರು ದೂರದವರು, ಅಷ್ಟೆ.

ದೂರದ ಬೀಗರ ಮಾತು ಮೊದಲು ಹೇಳುತ್ತೇನೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ 30 ಲಕ್ಷಕ್ಕೂ ಮೇಲ್ಪಟ್ಟು ಜನ ಲಂಬಾಣಿಯನ್ನು ತಮ್ಮ ಮಾತೃಭಾಷೆ ಎಂದು ಬರೆಸಿದರು. ಗಣತಿಯವರು ಅದನ್ನು ಒಯ್ದು ಹಿಂದಿಯ ಲೆಕ್ಕಕ್ಕೆ ಸೇರಿಸಿದರು. ತಾಂಡಾದ ಮುದುಕಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕಾಳು. ಅದು ಹಿಂದಿ, ಮಾರವಾಡಿಗಳ ಬಳಗದ ಭಾಷೆ ಎಂಬುದೇನೋ ನಿಜ. ಕನ್ನಡದ ವ್ಯಾಕರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಪ್ರತಿಯೊಂದು ವಸ್ತುವೂ ಗಂಡು, ಇಲ್ಲವೇ ಹೆಣ್ಣು. ನಪುಂಸಕಲಿಂಗ ಎಂಬುದೇ ಇಲ್ಲ. ಹೀಗಿರುವಾಗ ಆ ಮಗು 'ಎಮ್ಮಿ ಬಂದಳ್ರಿ' ಎಂದರೆ ತರಗತಿ ನಗುತ್ತದೆ, ಆದರೆ ನೀನು ನಗಕೂಡದು. ಅದು ತನ್ನ ವ್ಯಾಕರಣವನ್ನು ಸರಿಯಾಗಿಯೇ ಪಾಲಿಸಿದೆ. ನಾವು ಸೊಲ್ಲಾಪುರ ದಾಟಿದ ಕೂಡಲೇ 'ಬಸ್ ಆಯಾ' ಎಂದು ನಗೆಪಾಟಲಾಗುವುದೂ ಇದೇ ಲೆಕ್ಕದಲ್ಲಿ.

ಈಗ ಮಹಾಪ್ರಾಣಕ್ಕೆ ಬಾ. ನಮ್ಮ ಕಡೆಯ ಕನ್ನಡದ ಬಾಯಿಗೆ ಮಹಾಪ್ರಾಣ ಒಗ್ಗುವುದಿಲ್ಲ. ಭಾರತ 'ಬಾರತ' ಆಗುತ್ತದೆ, ಧಾರವಾಡ 'ದಾರವಾಡ'. ಕಾಗುಣಿತ ತಿದ್ದಿ ತಿದ್ದಿ ಎಷ್ಟು ಮಾಸ್ತರುಗಳ ಕೆಂಪು ಪೆನ್ನು ಸವೆದಿವೆಯೋ. ಅದೇ ತಾಂಡಾದ ಹುಡುಗಿ ಮನೆಗೆ 'ಘರ್' ಎನ್ನುತ್ತಲೇ ಬೆಳೆದವಳು. ಉರ್ದು ಮನೆಯ ಹುಡುಗ 'ಖಾನಾ' ಎಂದೇ ಉಣ್ಣಲು ಕೂಡುವವನು. ಖ, ಘ ಬರೆಸುವ ದಿನ ಈ ಇಬ್ಬರನ್ನೂ ಬೋರ್ಡಿನ ಮುಂದೆ ನಿಲ್ಲಿಸು. ಎಲ್ಲರೂ ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಅವರ ಹಿಂದೆ 'ಕ' ಎನ್ನಲಿ, ಆಮೇಲೆ 'ಖ' ಎನ್ನಲಿ. 'ಖ'ಕ್ಕೆ ಅಂಗೈಗೆ ಉಸಿರು ತಾಗುತ್ತದೆ, 'ಕ'ಕ್ಕೆ ತಾಗುವುದಿಲ್ಲ. ನಿನ್ನೆಯ ತನಕ ಮೂಲೆಯಲ್ಲಿ ತುಟಿ ಬಿಚ್ಚದೆ ಕೂತವಳು ಅಂದು ಗೌಡರ ಮಗನಿಗೆ 'ಹಂಗಲ್ಲೋ, ಹಿಂಗ' ಎಂದು ಹೇಳಿಕೊಡುತ್ತಾಳೆ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ, ಬರೆದಿಟ್ಟುಕೋ.

ಮೊದಲ ಓದು ಮಗುವಿನ ಮಾತಿನಿಂದಲೇ ಶುರುವಾಗಲಿ. ನಮ್ಮ ಲಿಪಿ ಉದಾರವಾದದ್ದು. ತುಳು, ಕೊಡವ, ಬ್ಯಾರಿ, ಕೊಂಕಣಿಗಳನ್ನೆಲ್ಲ ಬರೆಸಿಕೊಂಡಿದೆ, ಲಂಬಾಣಿಗೆ ಒಲ್ಲೆ ಎನ್ನುವುದಿಲ್ಲ. 'ಯಾಡಿ' ಎಂದು ಬರೆದು ತೋರಿಸು, ಮಗು ಅವ್ವನನ್ನು ಓದುತ್ತದೆ. 'ಪಾಣಿ', 'ಬಾಟಿ' ಬರೆ, ನೀರು, ರೊಟ್ಟಿ ಓದುತ್ತದೆ. ಅಕ್ಷರವೆಂದರೆ ಬಾಯಿಯ ಮಾತೇ ಎಂಬುದು ಒಮ್ಮೆ ತಲೆಗೆ ಹತ್ತಿತೆಂದರೆ ಅದರ ಕೆಳಗೆ ಕನ್ನಡದ ಶಬ್ದ ಬರೆಸುವುದು ಸುಲಭ. ನಿನಗೆ ಲಂಬಾಣಿ ಬಾರದಿದ್ದರೆ ಐದನೇ ತರಗತಿಯ ತಾಂಡಾದ ಹುಡುಗಿಯೊಬ್ಬಳನ್ನು ಪಕ್ಕಕ್ಕೆ ಕೂರಿಸಿಕೋ. ಇದು ನನ್ನ ತಲೆಯಿಂದ ಹೊರಟ ಉಪಾಯವೇನಲ್ಲ. ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಅಕ್ಕೋರು ಮಾವೊರಿ ಮಕ್ಕಳಿಗೆ ಅವರವರೇ ಕೇಳಿದ ಶಬ್ದ ಬರೆದುಕೊಟ್ಟು ಓದಿಸಿ, 1963ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಒಡಿಶಾ ಸರಕಾರ 2006ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಇದನ್ನೇ ಶುರು ಮಾಡಿತು. ನಮ್ಮ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಿ ಎನ್ನುತ್ತದೆ. ವಿಧಿ ಅಲ್ಲೇ ಇದೆ, ಲಂಬಾಣಿಯ ಪುಸ್ತಕ ಮಾತ್ರ ನಿನ್ನ ಕಪಾಟಿಗೆ ಬಂದಿರುವುದಿಲ್ಲ.

ಒಂದು ಕಡೆ ಮೋಸ ಹೋಗಬೇಡ. ಎರಡನೇ ವರ್ಷಕ್ಕೆ ಆ ಮಗು ಅಂಗಳದಲ್ಲಿ ಪಟಪಟ ಕನ್ನಡ ಆಡುತ್ತದೆ, ಕನ್ನಡದಲ್ಲೇ ಬೈದಾಡುತ್ತದೆ. ಬಂತಲ್ಲ ಎಂದು ಕೈ ಬಿಟ್ಟರೆ, ನಾಲ್ಕನೇ ತರಗತಿಯಲ್ಲಿ ಪರಿಸರ ಅಧ್ಯಯನದ ಒಂದು ಪುಟ ಅರ್ಥವಾಗದೆ ಕೂಡುತ್ತದೆ. ಆಗ ನಾವು 'ದಡ್ಡ' ಎಂದು ಷರಾ ಬರೆಯುತ್ತೇವೆ. ಆಟದ ಮಾತು ಎರಡು ವರ್ಷದಲ್ಲಿ ಬಂದರೂ ಪುಸ್ತಕದ ಮಾತು ಕೈವಶವಾಗಲು ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ಜಿಮ್ ಕಮಿನ್ಸ್ 1980ರ ಸುಮಾರಿಗೇ ತೋರಿಸಿದ್ದಾರೆ.

ಇನ್ನು 'ಅನಕ್ಷರಸ್ಥ ಮನೆ' ಎಂಬ ಮಾತು. ದಾಖಲಾತಿಯ ಫಾರ್ಮಿನಲ್ಲಿ ಅದಕ್ಕೊಂದು ಕಾಲಮ್ ಇರಬಹುದು, ನಿನ್ನ ಮನಸ್ಸಿನಲ್ಲಿ ಬೇಡ. ನಮ್ಮ ಸೀಮೆಯಲ್ಲಿ ಓದುವುದೆಂದರೆ ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸವಾಗಿರಲೇ ಇಲ್ಲ. ನವರಾತ್ರಿಯಲ್ಲಿ ದೇವಿ ಪುರಾಣ ಹಚ್ಚಿದರೆ ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಓಣಿಗೆ ಓಣಿಯೇ ಕೇಳುತ್ತದೆ. ಬಯಲಾಟದ ದುರ್ಯೋಧನನಿಗೆ ಸಹಿ ಹಾಕಲು ಬಾರದು, ರಾತ್ರಿಯಿಡೀ ಮಾತು ತಪ್ಪುವುದಿಲ್ಲ. ತಾಂಡಾಗಳಲ್ಲಿ ಢಾಡಿ ಎಂಬ ಹಾಡುಗಾರರು ವಂಶಾವಳಿಯನ್ನು ಹಾಡಿನಲ್ಲೇ ಇಟ್ಟುಕೊಂಡಿದ್ದಾರೆ. ಇತ್ತ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಗದಗಿನ ಪುಟ್ಟರಾಜ ಗವಾಯಿಗಳು ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದರು. ಇಂಥ ನೆಲದಲ್ಲಿ ಮಗು ಬರಿಗೈಲಿ ಸಾಲಿಗೆ ಬಂತು ಎಂದು ಹೇಗೆ ಹೇಳುತ್ತೀ? ಆದ್ದರಿಂದ ಡೈರಿಗೆ ಸಹಿ ಹಾಕಿಸಿಕೊಂಡು ಬಾ ಎನ್ನುವ ಬದಲು, ಯಾಡಿಯ ಹತ್ತಿರ ಒಂದು ಕತೆ ಕೇಳಿಕೊಂಡು ಬಾ ಎನ್ನು. ಮನೆಯಲ್ಲಿ ಬರಹವೂ ಇಲ್ಲದಿಲ್ಲ: ರೇಷನ್ ಕಾರ್ಡು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಗೊಬ್ಬರದ ಚೀಲ, ಸಂಘದ ಪಾಸ್‌ಬುಕ್ಕು. ಇವನ್ನೂ ತರಿಸು. ಅವ್ವನ ಹೆಸರು ಪಾಸ್‌ಬುಕ್ಕಿನಲ್ಲಿ ಎಲ್ಲಿದೆ ಎಂದು ಹುಡುಕಿ ಓದಿದ ಮಗುವಿಗೆ ಓದು ಯಾಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಊರಿನ ಹಿರಿಯರು ಯಾರಾದರೂ 'ಕನ್ನಡ ಸಾಲ್ಯಾಗ ಲಂಬಾಣಿ ಯಾಕ ಬೇಕವಾ?' ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಡೆಪ್ಯುಟಿ ಚನ್ನಬಸಪ್ಪನವರ ಕತೆ ಹೇಳು. ಮುಂಬೈ ಇಲಾಖೆಯಲ್ಲಿದ್ದ ನಮ್ಮ ಧಾರವಾಡ ಸೀಮೆಯಲ್ಲಿ ಆಗ ಮರಾಠಿಯದೇ ದರ್ಬಾರು. ಕನ್ನಡದ ಮಕ್ಕಳು ಸಾಲಿಯಲ್ಲಿ ಮರಾಠಿ ಕಲಿಯುತ್ತಿದ್ದವು. 1860ರ ದಶಕದಲ್ಲಿ ಶಿಕ್ಷಣ ಇಲಾಖೆಯ ರಸೆಲ್ ಸಾಹೇಬರು, ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆ ತೆರೆಸದಿದ್ದರೆ ನಾನೂ ಇಲ್ಲ, ನೀನೂ ಇಲ್ಲ. ಮನೆಮಾತಿಗೆ ಸಾಲಿಯಲ್ಲಿ ಜಾಗವಿಲ್ಲದಿದ್ದರೆ ಏನಾಗುತ್ತದೆಂದು ನಮ್ಮ ಮುತ್ತಜ್ಜರಿಗೆ ಗೊತ್ತಿತ್ತು.

ಇಂಗ್ಲಿಷ್ ಬೇಕೆಂದು ತಾಯಂದಿರು ಕೇಳುತ್ತಾರೆ. ತಪ್ಪೇನಿಲ್ಲ, ನಿನ್ನ ಮಗಳಿದ್ದರೆ ನೀನೂ ಕೇಳುತ್ತೀ. 2019ರಿಂದ ಸರಕಾರವೇ ಸಾವಿರ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅವರೊಡನೆ ವಾದ ಮಾಡಬೇಡ. ಓದುವುದನ್ನು ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತವರು ಇನ್ನೊಂದರಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ ಎಂದು ಹೇಳಿ, ಅವರ ಕೂಸಿನಿಂದಲೇ ಒಂದು ಪುಟ ಓದಿಸಿ ತೋರಿಸು.

ದೀಪಾವಳಿ ಕಳೆಯುತ್ತಲೇ ತಾಂಡಾದ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು, ಗೋವಾ, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ, ಮಕ್ಕಳೂ ಹೋಗುತ್ತವೆ. ಹೊರಡುವ ಸುದ್ದಿ ಮೊದಲೇ ತಿಳಿಯಬೇಕಾದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ತಾಂಡಾಕ್ಕೆ ಹೋಗಿ ಬಾ. ಮೊದಲು ನಾಯಕನ ಮನೆಗೆ ಹೋಗು, ಉಣ್ಣು ಎಂದರೆ ಕೂತು ಉಣ್ಣು. ಹೋಗುವ ಮಗುವಿನ ನೋಟ್‌ಬುಕ್ಕಿನಲ್ಲಿ ಎಷ್ಟು ಪಾಠ ಆಗಿದೆ ಎಂದು ಬರೆದು, ನಿನ್ನ ಫೋನ್ ನಂಬರು ಹಾಕಿ ಕಳಿಸು. ಅಲ್ಲಿ ಟೆಂಟ್ ಶಾಲೆ ಇದ್ದರೆ ತೋರಿಸಲಿ. ಬೇಸಿಗೆಗೆ ತಿರುಗಿ ಬಂದಾಗ 'ಎಲ್ಲಾ ಮರೆತು ಬಂದಿ' ಎಂದು ಗದರಬೇಡ. ಕೊಂಕಣಿಯ ನಾಲ್ಕು ಮಾತು ಹೆಚ್ಚಿಗೆ ಕಲಿತು ಬಂದಿರುತ್ತದೆ, ಅವನ್ನೂ ಬೋರ್ಡಿನ ಮೇಲೆ ಬರೆಸು.