ಬೂತಾಯಿ ಎಂಬ ಸಣ್ಣ ಮೀನು

ತಾಜಸುಲ್ತಾನಪುರದ ಕರಿಮಣ್ಣಿನ ಹೊಲಗಳಿಗೂ ಅರಬ್ಬೀ ಸಮುದ್ರಕ್ಕೂ ಬಹಳ ದೂರ. ನಮ್ಮ ಕಡೆಯ ಮಕ್ಕಳು ಬಲ್ಲ ಮೀನುಗಳು ಕೆರೆಯವು, ಇಲ್ಲವೆ ಭೀಮಾನದಿಯವು. ಆದರೂ ಯಾವ ಮುಂಗಾರು ನಮ್ಮ ತೊಗರಿಯನ್ನು ಬೆಳೆಸುವುದೋ ಅದೇ ಮುಂಗಾರು ಮಂಗಳೂರಿನಿಂದ ಕಾರವಾರದವರೆಗಿನ ಕಡಲಿನಲ್ಲಿ ಇನ್ನೊಂದು ಬೆಳೆಯನ್ನು ಬೆಳೆಸುವುದು. ಆ ಬೆಳೆಯೇ ಬೂತಾಯಿ. ತುಳುನಾಡಿನವರು ಹೀಗೆ ಕರೆಯುವ ಮೀನಿಗೆ ಕೊಂಕಣಿಗರು ತಾರ್ಲೆಯೆಂದೂ ಮಲಯಾಳಿಗಳು ಮತ್ತಿಯೆಂದೂ ಹೇಳುವರು. ಪ್ರಾಣಿಶಾಸ್ತ್ರದಲ್ಲಿ ಇದರ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಇದರ ಜೀವನಕ್ರಮವನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುವೆವು.

ಬೆಳೆದ ಬೂತಾಯಿಯು ಸಾಮಾನ್ಯವಾಗಿ 6ರಿಂದ 8 ಅಂಗುಲ ಉದ್ದವಿರುವುದು. ಬೆನ್ನು ನೀಲಿ ಬೆರೆತ ಹಸುರು. ಪಕ್ಕಗಳು ಬೆಳ್ಳಿಯಂತೆ ಹೊಳೆಯುವುವು. ಇದರ ಕಿವಿರುಗಳೊಳಗೆ ಸೂಕ್ಷ್ಮವಾದ ಕಡ್ಡಿಗಳು ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ನಿಂತಿವೆ. ಬಾಯಲ್ಲಿ ಹೊಕ್ಕ ನೀರು ಈ ಜರಡಿಯ ಮೂಲಕ ಹೊರಹೋಗುವಾಗ ಅದರೊಳಗಣ ಅತಿಸಣ್ಣ ಸಸ್ಯಗಳೂ ಜೀವಿಗಳೂ ಒಳಗೇ ಉಳಿಯುವುವು. ಅವೇ ಇದರ ಆಹಾರ.

ಈ ಆಹಾರವು ಎಲ್ಲಿಂದ ಬರುವುದು? ಮುಂಗಾರಿನ ಕಾಲದಲ್ಲಿ ಮೇಲಿನ ನೀರು ದಡದಿಂದ ಆಚೆಗೆ ಸರಿಯಲು, ಆಳದ ತಣ್ಣೀರು ತಳದ ಸಾರವನ್ನು ಹೊತ್ತು ಮೇಲಕ್ಕೆ ಬರುವುದು. ಹೊಲಕ್ಕೆ ಗೊಬ್ಬರವಿಕ್ಕಿದಂತೆ, ಆಗ ಸೂಕ್ಷ್ಮಸಸ್ಯಗಳು ಯಥೇಚ್ಛವಾಗಿ ಹೆಚ್ಚುವುವು. ಬೂತಾಯಿಯು ಹೆಚ್ಚಾಗಿ ಇದೇ ಕಾಲದಲ್ಲಿ ಮೊಟ್ಟೆಯಿಡುವುದು. ನೀರಿನಲ್ಲಿ ತೇಲುವ ಆ ಮೊಟ್ಟೆಗಳು ಸುಮಾರು ಒಂದು ದಿನದಲ್ಲಿ ಒಡೆದು ಮರಿಗಳಾಗುವುವು. ಮರಿಯು ಒಂದು ವರ್ಷದಲ್ಲಿ ಸುಮಾರು 6 ಅಂಗುಲ ಬೆಳೆದು ತಾನೂ ಮೊಟ್ಟೆಯಿಡಲು ಯೋಗ್ಯವಾಗುವುದು. ಇದರ ಆಯುಷ್ಯವು ಎರಡು ಮೂರು ವರ್ಷ ಮಾತ್ರ. ಮಳೆಗಾಲ ಕಳೆದ ಮೇಲೆ ಮೈಯಲ್ಲಿ ಕೊಬ್ಬು ತುಂಬುವುದು. ಆ ಎಣ್ಣೆಯನ್ನು ಹಿಂದೆ ದೋಣಿಯ ಹಲಗೆಗಳಿಗೆ ಬಳಿಯುತ್ತಿದ್ದರು.

ಬೂತಾಯಿಯು ಎಂದೂ ಒಂಟಿಯಾಗಿ ಇರಲೊಲ್ಲದು. ಲಕ್ಷಗಟ್ಟಲೆ ಮೀನುಗಳು ಒಂದೇ ದೇಹದಂತೆ ತಿರುಗುವುವು. ಪ್ರತಿಯೊಂದೂ ಕಣ್ಣಿನಿಂದ ನೆರೆಯದನ್ನು ನೋಡುತ್ತ, ತಲೆಯ ಮೇಲೆ ಹರಡಿರುವ ಸೂಕ್ಷ್ಮನಾಳಗಳಿಂದ ನೀರಿನ ಅಲುಗಾಟವನ್ನು ಅರಿಯುತ್ತ ಈಜುವುದು. ದೊಡ್ಡ ಮೀನು ಮೇಲೆ ಬಿದ್ದಾಗ ಸಾವಿರಾರು ಬೆಳ್ಳಿಯ ಮಿಂಚುಗಳ ನಡುವೆ ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ತೋಚದು. ಹೀಗೆ ಗುಂಪೇ ದುರ್ಬಲರ ಕೋಟೆ.

ಆದರೆ ಬಲೆಯ ಮುಂದೆ ಈ ಕೋಟೆಯು ನಿಲ್ಲದು. ಹಿಂಡು ದಟ್ಟವಾದಷ್ಟೂ ಅದನ್ನು ಸುತ್ತುವರಿಯುವುದು ಸುಲಭ. ಹಿಂದೆ ನಮ್ಮ ಕರಾವಳಿಯಲ್ಲಿ ಊರವರು ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯು ದಡದ ಬಳಿಗೆ ಬಂದುದನ್ನು ಮಾತ್ರ ಹಿಡಿಯುತ್ತಿತ್ತು. 1970ರ ದಶಕದಲ್ಲಿ ಬಂದ ಪರ್ಸೀನ್ ಬಲೆಯಾದರೋ ಹಿಂಡು ಇದ್ದಲ್ಲಿಗೇ ಹೋಗಿ ಅದನ್ನು ಸುತ್ತುವುದು.

ಈ ಮೀನಿನ ಏರಿಳಿತವು ಹೊಸದಲ್ಲ. 1940ರ ದಶಕದಲ್ಲಿ ಬೂತಾಯಿಯು ಬಹಳ ಕುಗ್ಗಿದಾಗ, 1943ರಲ್ಲಿ ಮದ್ರಾಸು ಸರಕಾರವು ಎಳೆಯ ಮೀನುಗಳ ರಕ್ಷಣೆಗಾಗಿ ಕೆಲವು ಬಲೆಗಳಿಗೆ ನಿರ್ಬಂಧ ಹಾಕಿತು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಸಮುದ್ರದ ಬಿಸುಪು, ಮಳೆಯ ವ್ಯತ್ಯಾಸ, ಮಿತಿಮೀರಿದ ಹಿಡಿತ ಇವೆಲ್ಲವೂ ಇಂಥ ಇಳಿತಕ್ಕೆ ಕಾರಣವಾಗಬಲ್ಲುವು. ಮೊದಲಿನೆರಡು ನಮ್ಮ ಕೈಯಲ್ಲಿಲ್ಲ; ಮೂರನೆಯದು ಇದೆ.

ಮೀನು ಬಾರದ ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸಿನ ಒಲೆಯೂ, ಅಗ್ಗದ ಮೀನನ್ನೇ ನಂಬಿದ ಬಡವರ ಊಟವೂ ಬರಿದಾಗುವುವು. ಆದಕಾರಣ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಯನ್ನು ನಿಲ್ಲಿಸುವರು. ಅದೇ ದಿನಗಳಲ್ಲಿ ನಮ್ಮ ರೈತರು ಹೊಲಕ್ಕೆ ಬೀಜ ಹಾಕುವರು. ಬಿತ್ತನೆಯ ತೊಗರಿಯನ್ನು ಬೇಳೆಮಾಡಿ ಉಂಡವರಿಗೆ ಸುಗ್ಗಿಯಿಲ್ಲವೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಕಡಲಿನ ಬೀಜಕ್ಕೂ ಅದೇ ನಿಯಮವೆಂದು ಮಕ್ಕಳಿಗೆ ತಿಳಿಸಿದರೆ ಈ ಪಾಠವು ಸಾರ್ಥಕವಾಗುವುದು.